ಒಂದು ತೋಳಿನ ಅಂಗಿ

ದರ್ಜಿಯಾದ ನನ್ನ ಗಂಡ ಹೊಸ ಅಂಗಿಯನ್ನು ಮಡಚಿ ಗಿರಾಕಿಯ ಕೈಗಿಟ್ಟರು. ಆತ ಬಿಡಿಸಿ ನೋಡಿದರೆ ಒಂದೇ ತೋಳು!

"ಇನ್ನೊಂದು ತೋಳು ಎಲ್ಲಿ ಸ್ವಾಮಿ?"

"ಎಲ್ಲಾ ಸರಿಯಾಗೇ ಇದೆಯಲ್ಲ," ಎಂದರು ಇವರು. ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ.

"ಅರವತ್ತಕ್ಕೆ ಅರಳುಮರಳು ಅಂತಾರೆ, ನಿಮಗೆ ಐವತ್ತೆಂಟಕ್ಕೇ ಬಂತಾ?" ಎಂದು ರೇಗಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ. ಎರಡು ತಿಂಗಳಿಂದ ತಲೆನೋವು ಎನ್ನುತ್ತಿದ್ದವರಿಗೆ ಕನ್ನಡಕ ಬದಲಿಸಿ ಎಂದು ಹೇಳಿ ಬಾಯಿ ಮುಚ್ಚಿಸಿದ್ದೆ. ಅಂದು ಬೆಳಿಗ್ಗೆ ಅರ್ಧ ಮುಖಕ್ಕಷ್ಟೇ ಕ್ಷೌರ ಮಾಡಿಕೊಂಡಿದ್ದರು. ಅದಕ್ಕೂ ನಕ್ಕುಬಿಟ್ಟಿದ್ದೆ.

ಗಿರಾಕಿ ಹೋದ ಮೇಲೆ ಯಂತ್ರದ ಮುಂದೆ ಕುಳಿತು ಮೆಲ್ಲಗೆ ಕೇಳಿದರು: "ಲೇ, ನನ್ಮೇಲೆ ಅಷ್ಟೊಂದು ಕೋಪಾನಾ? ಬೆಳಿಗ್ಗೆಯಿಂದ ಪಕ್ಕ ಬಂದು ಕೂತೇ ಇಲ್ಲ."

ನಾನು ಅವರ ಎಡಪಕ್ಕದಲ್ಲೇ ಇದ್ದೆ. ಮೂವತ್ತೆರಡು ವರ್ಷಗಳಿಂದ ಕುಳಿತ ಅದೇ ಸ್ಟೂಲು, ಮಡಿಲಲ್ಲಿ ಅದೇ ಗುಂಡಿ ಡಬ್ಬಿ. "ಇಲ್ಲೇ ಇದ್ದೀನಲ್ರೀ" ಎಂದರೆ, ಬಲಕ್ಕೆ ತಿರುಗಿ ಬಾಗಿಲ ಕಡೆ ಹುಡುಕಿದರು. ಗುಂಡಿ ಡಬ್ಬಿ ಕೆಳಗಿಟ್ಟು, ಅಂಗಡಿಗೆ ಬೀಗ ಹಾಕಿ ಅವರನ್ನು ಆಸ್ಪತ್ರೆಗೆ ಕರೆದೊಯ್ದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಕ್ಯಾನ್ ತೋರಿಸಿದರು. "ಮಿದುಳಿನ ರಕ್ತನಾಳಗಳು ಉರಿಯೂತದಿಂದ ಕಿರಿದಾಗಿವೆ. ಬಲಗಡೆ ಒಂದು ಭಾಗಕ್ಕೆ ರಕ್ತ ಸಾಲದೆ ಪೆಟ್ಟಾಗಿದೆ. ಕಣ್ಣಿಗೇನೂ ಆಗಿಲ್ಲಮ್ಮಾ. ಎಡಗಡೆ ಅಂತ ಒಂದಿದೆ ಅನ್ನೋದೇ ಅವರ ಮನಸ್ಸಿಗೆ ಬರ್ತಿಲ್ಲ. ಕಳ್ಕೊಂಡಿದ್ದೀನಿ ಅನ್ನೋದೂ ಗೊತ್ತಿಲ್ಲ."

ನಾನು ಬೆಕ್ಕಸಬೆರಗಾದೆ. ದಾರದೆಳೆಯಂಥ ನಾಳಗಳು ಊದಿದರೆ ಅರ್ಧ ಪ್ರಪಂಚ, ಅಲ್ಲಿ ಕುಳಿತ ಹೆಂಡತಿಯ ಸಮೇತ, ಇಲ್ಲವಾಗಿಬಿಡುತ್ತದೆಯೆ! ಇಷ್ಟು ವರ್ಷ ಇವರ ಪಾಲಿಗೆ ನಾನಿದ್ದದ್ದು ಅಂಥ ಎಳೆಯ ಮೇಲೆಯೇ? ಅದು ಇಷ್ಟು ದಿನ ಹರಿಯದೇ ಇದ್ದದ್ದೇ ದೊಡ್ಡ ಸೋಜಿಗವೆನ್ನಿಸಿತು.

"ನಾನು ಮತ್ತೆ ಕಾಣಿಸ್ತೀನಾ?"

"ಊತ ಇಳಿಸೋಕೆ ಔಷಧಿ ಕೊಡ್ತೀವಿ. ಕಾಣಿಸ್ತೀರಿ ಅಂತ ಮಾತು ಕೊಡೋಕಾಗಲ್ಲ. ನೀವು ಮಾತ್ರ ಬಲಗಡೆ ಕೂರಬೇಡಿ. ಎಡಗಡೆಯಿಂದಲೇ ಕರೀತಿರಿ, ಅವರು ಹುಡುಕಲಿ. ಹುಡುಕಿದಷ್ಟೂ ಮನಸ್ಸು ಆ ಕಡೆ ಹೊರಳೋದು ಕಲಿಯುತ್ತೆ."

ಅಂಗಡಿಗೆ ಮರಳಿದ ಮೇಲೆ ಸ್ಟೂಲನ್ನು ಅವರ ಬಲಕ್ಕಿಟ್ಟರೆ ಸಾಕಿತ್ತು, ಅವರ ಕಣ್ಣಿಗೆ ಬೀಳುತ್ತಿದ್ದೆ. ಆ ಆಸೆಯನ್ನು ಹಲ್ಲು ಕಚ್ಚಿ ತಡೆದೆ. ದಿನವೂ ಅವರ ಎಡಗೈ ಹಿಡಿದು ಕರೆದೆ. ದಿನವೂ ಬಾಗಿಲನ್ನೇ ನೋಡಿದರು.

ಏಳನೆಯ ವಾರ. ಗುಂಡಿ ಹೊಲಿಯುತ್ತ, ಕರೆಯುವುದನ್ನೇ ಮರೆತಿದ್ದೆ. ಅವರ ತಲೆ ಮೆಲ್ಲಗೆ ಎಡಕ್ಕೆ ಹೊರಳಿತು. ನೋಟ ಕತ್ತರಿಯನ್ನು ದಾಟಿತು, ಗುಂಡಿ ಡಬ್ಬಿಯನ್ನು ದಾಟಿತು, ನನ್ನ ಮುಖದ ಮೇಲೆ ನಿಂತಿತು.

"ಅರೆ, ಯಾವಾಗ ಬಂದೆ?"

"ಮೂವತ್ತೆರಡು ವರ್ಷ ಆಯ್ತು ಕಣ್ರೀ," ಎಂದೆ.