ಏಳನೆಯ ಕಬಡ್ಡಿ

ಒಂದು ಕಾಲಕ್ಕೆ ಮುನಿಲಕ್ಷ್ಮಮ್ಮ ಒಂದೇ ಉಸಿರಿನಲ್ಲಿ ನಲವತ್ತು ಸಲ ಕಬಡ್ಡಿ ಅನ್ನುತ್ತಿದ್ದರು. ರಾಜಾಜಿನಗರದ ಕಾರ್ಖಾನೆಯೊಂದರ ಹೆಂಗಸರ ತಂಡದಲ್ಲಿದ್ದ ಅವರು ಎದುರಾಳಿಗಳ ಅಂಕಣಕ್ಕೆ ನುಗ್ಗಿದರೆ ಅಲ್ಲಿದ್ದವರಿಗೆ ಜೀವ ಬಾಯಿಗೆ ಬರುತ್ತಿತ್ತು. ಈಗ ಅರವತ್ತೆರಡು ದಾಟಿದರೂ ಸಂಜೆ ಬಸವೇಶ್ವರನಗರದ ಮೈದಾನದಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತಾರೆ, ಜೊತೆಗೆ ಧಾರಾಳವಾಗಿ ಬೈಯುತ್ತಾರೆ. ಅಂಥವರ ಕಬಡ್ಡಿಯ ಎಣಿಕೆ ಹದಿನೈದು ದಿನಗಳಿಂದ ಆರಕ್ಕೇ ನಿಲ್ಲುತ್ತಿತ್ತು.

ಯಾರಿಗೂ ಹೇಳಿರಲಿಲ್ಲ. ಗಂಡ ಗೋಪೀನಾಥರಿಗೂ ಹೀಗೇ ಏದುಸಿರಿನಿಂದ ಶುರುವಾಗಿ, ಕ್ಯಾನ್ಸರ್ ಅಂತ ಗೊತ್ತಾಗಿ, ಮೂರೇ ತಿಂಗಳಲ್ಲಿ ಹೋಗಿಬಿಟ್ಟಿದ್ದರು. ಬಾಯಿಬಿಟ್ಟು ಹೇಳಿದರೆ ಎಲ್ಲಿ ನಿಜವಾಗಿಬಿಡುತ್ತದೋ ಎಂಬ ಭಯ. ಕೊನೆಗೆ ಸಣ್ಣ ಜ್ವರ ಬೆನ್ನು ಬಿಡದಿದ್ದಾಗ ಡಾಕ್ಟರ ಬಳಿ ಹೋದರು. ಅವರು ಎದೆಯ ಸ್ಕ್ಯಾನಿಂಗ್‌ಗೆ ಚೀಟಿ ಬರೆದುಕೊಟ್ಟರು.

ನರ್ಸಿಂಗ್ ಹೋಮಿನ ಸ್ಕ್ಯಾನಿಂಗ್ ಕೋಣೆಯ ಮುಂದೆ ಕುಳಿತವರೆಲ್ಲ ಬಸುರಿಯರೇ. ಪಕ್ಕದಲ್ಲಿದ್ದವಳು ಶೈಲಾ, ಸುಂಕದಕಟ್ಟೆಯಲ್ಲಿ ಬಾಡಿಗೆಗಿರುವ ಗದಗಿನ ಹುಡುಗಿ.

"ನೀರು ಕುಡದೀರೇನ್ರಿ ಅಮ್ಮಾ? ಹೊಟ್ಟಿ ತುಂಬ ಕುಡೀಬೇಕ್ರಿ, ಇಲ್ಲಂದ್ರ ಏನೂ ಕಾಣಂಗಿಲ್ಲ," ಎಂದು ತನ್ನ ಬಾಟಲಿಯನ್ನೇ ಕೊಟ್ಟಳು.

ಮುನಿಲಕ್ಷ್ಮಮ್ಮ ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವರಲ್ಲ. ಎರಡು ಬಾಟಲಿ ಖಾಲಿ ಮಾಡಿದರು. ಹೆಸರು ಕರೆಯುವ ಹೊತ್ತಿಗೆ ಒಂಟಿಗಾಲಿನಲ್ಲಿ ನಿಲ್ಲುವಂತಾಗಿತ್ತು.

ಒಳಗೆ ಸ್ಕ್ಯಾನಿಂಗ್ ಮಾಡುವ ಡಾಕ್ಟರ್ ರಾಗಿಣಿ, ಮುನಿಲಕ್ಷ್ಮಮ್ಮನವರ ಬೆನ್ನಿಗೆ ತಣ್ಣನೆಯ ಜೆಲ್ ಹಚ್ಚಿ, ಪಕ್ಕೆಲುಬುಗಳ ನಡುವೆ ಯಂತ್ರದ ಹಿಡಿಯನ್ನು ಆಡಿಸಿದರು. ಪರದೆಯ ಮೇಲೆ ಕಪ್ಪಗೆ ಒಂದು ಕೆರೆಯೇ ಕಾಣಿಸಿತು.

"ಇಲ್ಲಿ ಕಪ್ಪಗಿದೆಯಲ್ಲಮ್ಮ, ಇದೆಲ್ಲ ನೀರು."

"ಈಗ್ತಾನೆ ಕುಡಿದಿದ್ದು ಡಾಕ್ಟ್ರೇ! ಎರಡು ನಿಮಿಷ ಬಿಡಿ, ಬಾತ್‌ರೂಮಿಗೆ ಹೋಗ್ಬಂದ್ಬಿಡ್ತೀನಿ, ಎಲ್ಲ ಸರಿಹೋಗುತ್ತೆ."

ರಾಗಿಣಿ ಬಾಯಿ ತೆರೆಯುವ ಮುಂಚೆಯೇ ಮುನಿಲಕ್ಷ್ಮಮ್ಮ ಓಡಿದ್ದರು. ಹಗುರಾಗಿ, ಗೆದ್ದವರ ಮುಖ ಹೊತ್ತು ಬಂದು ಮತ್ತೆ ಬೆನ್ನು ಕೊಟ್ಟರು. ಕಪ್ಪು ಇದ್ದಲ್ಲೇ ಇತ್ತು.

"ಹೋಗ್ಲಿಲ್ವಾ?" ಎಂದರು ಮುನಿಲಕ್ಷ್ಮಮ್ಮ. ಮೈದಾನದಲ್ಲಿ ಗುಡುಗುವ ದನಿ ಪಿಸುಮಾತಿನಷ್ಟಾಗಿತ್ತು.

"ಕುಡಿದ ನೀರು ಇಲ್ಲಿಗೆ ಬರಲ್ಲಮ್ಮ. ಇದು ಶ್ವಾಸಕೋಶದ ಸುತ್ತ ಕಟ್ಕೊಂಡಿರೋದು. ಪಾಪ, ಅದು ಮೂಲೇಲಿ ಮುದುಡ್ಕೊಂಡಿದೆ ನೋಡಿ. ನೀರು ತೆಗೆದು ಪರೀಕ್ಷೆಗೆ ಕಳಿಸೋಣ."

"ನಮ್ಮ ಯಜಮಾನ್ರಿಗೆ ಬಂದಿದ್ದ ಕ್ಯಾನ್ಸರ್ರೇನಾ?"

"ಈಗ್ಲೇ ಹೇಳಕ್ಕಾಗಲ್ಲ. ನಿಮಗೆ ಸುಳ್ಳು ಹೇಳಲ್ಲ."

ಸುಳ್ಳು ಹೇಳದ ಈ ಡಾಕ್ಟರು ಅವರಿಗೆ ಹಿಡಿಸಿಬಿಟ್ಟರು. ರಾಗಿಣಿ ಮೊದಲು ಮರಗಟ್ಟಿಸುವ ಮದ್ದು ಚುಚ್ಚಿ, ಪರದೆಯಲ್ಲಿ ದಾರಿ ನೋಡಿಕೊಳ್ಳುತ್ತ ಇನ್ನೊಂದು ಸೂಜಿ ಇಳಿಸಿದರು. ಒಣಹುಲ್ಲಿನ ಬಣ್ಣದ ನೀರು ಒಂದು ಲೀಟರಿಗೂ ಮಿಕ್ಕಿ ಬಂತು. ಅದು ಇಳಿಯುತ್ತಿರುವಾಗಲೇ ಮುನಿಲಕ್ಷ್ಮಮ್ಮ ನಲವತ್ತರ ಹೆಮ್ಮೆಯನ್ನೂ ಆರರ ಗುಟ್ಟನ್ನೂ ಮೊದಲ ಸಲ ಇನ್ನೊಬ್ಬರ ಮುಂದೆ ಹೇಳಿಕೊಂಡರು.

ವರದಿ ಬರಲು ಮೂರು ದಿನ. ಎದೆ ಹಗುರಾದಂತೆ ಅನಿಸುತ್ತಿದ್ದರೂ ಅವರು ಒಂದು ಸಲವೂ ಎಣಿಸಿ ನೋಡಲಿಲ್ಲ. ಏಳು ಜನ ಒಟ್ಟಿಗೆ ಮೇಲೆ ಬಿದ್ದರೂ ಹೆದರದಿದ್ದವರಿಗೆ ಈಗ ಆರು ಎಂಬ ಸಂಖ್ಯೆಯ ಹೆದರಿಕೆ.

ನಾಲ್ಕನೆಯ ದಿನ ರಾಗಿಣಿ ನಗುತ್ತಲೇ ಬಾಗಿಲು ತೆರೆದರು. "ಕ್ಯಾನ್ಸರ್ ಅಲ್ಲಮ್ಮ, ಟಿಬಿ. ಆರು ತಿಂಗಳು ಒಂದು ದಿನಾನೂ ತಪ್ಪಿಸದೆ ಮಾತ್ರೆ ತಗೊಂಡ್ರೆ ವಾಸಿಯಾಗುತ್ತೆ."

"ಟಿಬಿನಾ? ಅಷ್ಟೇನಾ?" ಟಿಬಿ ಎಂದದ್ದಕ್ಕೆ ಕೈಮುಗಿದವರು ಬಹುಶಃ ಆ ನರ್ಸಿಂಗ್ ಹೋಮಿನಲ್ಲಿ ಅವರೊಬ್ಬರೇ.

ಬೆನ್ನಿಗೆ ಮತ್ತೆ ಜೆಲ್. ಕೆರೆ ಬತ್ತಿ, ಅಂಚಿನಲ್ಲಿ ಗೆರೆಯಷ್ಟು ಕಪ್ಪು ಮಾತ್ರ ಉಳಿದಿತ್ತು. ಮುದುಡಿದ್ದ ಶ್ವಾಸಕೋಶ ಅರಳಿ ಉಸಿರಿನ ಜೊತೆ ಸರಿದಾಡುತ್ತಿತ್ತು.

"ಹೂಂ, ಶುರು ಮಾಡಿ. ನಾನು ಎಣಿಸ್ತೀನಿ," ಎಂದರು ರಾಗಿಣಿ.

ಮುನಿಲಕ್ಷ್ಮಮ್ಮ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. "ಕಬಡ್ಡಿ, ಕಬಡ್ಡಿ, ಕಬಡ್ಡಿ..." ಹೊರಗೆ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಐದಾಯಿತು. ಆರಾಯಿತು. ಏಳನೆಯದು ತಾನಾಗಿಯೇ ಬಂತು, ಅದರ ಹಿಂದೆಯೇ ಎಂಟು, ಒಂಬತ್ತು. ಹದಿಮೂರಕ್ಕೆ ದನಿ ನಿಂತಿತು.

"ಉಸಿರು ಸಾಲಲಿಲ್ವಾ?"

ಮುನಿಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಉಸಿರು ಇನ್ನೂ ಇದೆ ಡಾಕ್ಟ್ರೇ. ಅಳು ಬಂದ್ಬಿಡ್ತು."