ಅರ್ಲೀನ್ ಕಟ್ಟದ ಬಾವುಟ

೧

ಈ ಕಥೆಯನ್ನು ಟೀವಿಯಿಂದ ಶುರು ಮಾಡಬೇಕೋ ಟ್ರಕ್ಕಿನಿಂದ ಶುರು ಮಾಡಬೇಕೋ ಎಂದು ಬಹಳ ದಿನ ತಲೆ ಕೆಡಿಸಿಕೊಂಡೆ. ಟೀವಿಯಿಂದ ಶುರು ಮಾಡಿದರೆ ನಿಮಗೆ ಆಟವಾದರೂ ಸಿಗುತ್ತದೆ: ಉದ್ದುದ್ದ ಹುಡುಗರು, ಒಂದು ಚೆಂಡು, ಕಿವಿಗಡಚಿಕ್ಕುವ ಗದ್ದಲ. ಟ್ರಕ್ಕಿನಿಂದ ಶುರು ಮಾಡಿದರೆ ಏನೂ ಸಿಗುವುದಿಲ್ಲ. ಒಬ್ಬ ಮುದುಕ ತನ್ನ ಪಿಕಪ್ ಟ್ರಕ್ಕಿನ ಎಂಜಿನ್ ಆರಿಸಿ, ರೇಡಿಯೊ ಆರಿಸಿ, ಊರಾಚೆಯ ಜೋಳದ ಗೋದಾಮಿನ ಹಿಂದೆ ಸುಮ್ಮನೆ ಕೂತಿದ್ದಾನೆ. ಎದುರಿಗೆ ತಗಡಿನ ಗೋಡೆ. ಮಾರ್ಚ್ ತಿಂಗಳ ಚಳಿಗೆ ಗಾಜು ಮಂಜಾಗಿದೆ, ಅವನು ಒರೆಸುವ ಗೋಜಿಗೂ ಹೋಗಿಲ್ಲ. ಇದನ್ನು ಓದಿಕೊಂಡು ಯಾರು ತಾನೇ ಮುಂದಿನ ಪುಟಕ್ಕೆ ಹೋಗುತ್ತಾರೆ?

ಆದರೂ ಟ್ರಕ್ಕೇ ಇರಲಿ. ಈ ಮುದುಕನ ಹೆಸರು ಲಾಯ್ಡ್ ಹೆಟಿಂಗರ್. ಸ್ಕೂಲ್ ಬಸ್ ಓಡಿಸಿ ನಿವೃತ್ತನಾದವನು. ನಮ್ಮೂರಿನ ವಾಲ್ಡ್ರನ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಇವನಷ್ಟು ದೊಡ್ಡ ಅಭಿಮಾನಿ ಇಂಡಿಯಾನಾದಲ್ಲೇ ಇಲ್ಲ. ಅಷ್ಟು ದೊಡ್ಡ ಅಭಿಮಾನಿಯಾದ್ದರಿಂದಲೇ ಅವನು ಆಟ ನೋಡುವುದಿಲ್ಲ.

(ಚಮತ್ಕಾರಕ್ಕೆ ಬರೆದ ವಾಕ್ಯ ಎಂದು ಮುಖ ಸಿಂಡರಿಸಬೇಡಿ. ನಮ್ಮೂರಲ್ಲಿ ಇದನ್ನು ಕೇಳಿ ಯಾರೂ ನಗುವುದಿಲ್ಲ.)

೨

ಮೊದಲೆಲ್ಲ ನೋಡುತ್ತಿದ್ದ. ಒಂದು ವರ್ಷ ಮಾರ್ಚ್‌ನಲ್ಲಿ, ಸೋತವರು ಸೀದಾ ಮನೆಗೆ ಹೋಗುವ ಕೊನೆಯ ಪಂದ್ಯಗಳ ಕಾಲದಲ್ಲಿ, ವಾಲ್ಡ್ರನ್ ಮಣ್ಣುಮುಕ್ಕುವುದು ಖಾತ್ರಿ ಎಂದಾದಾಗ ರೇಗಿ ಎದ್ದುಹೋಗಿ ಟ್ರಕ್ಕಿನಲ್ಲಿ ಕೂತ. ಅತ್ತ ಹುಡುಗರು ಗೆದ್ದುಬಿಟ್ಟರು. ಮುಂದಿನ ಪಂದ್ಯವನ್ನು ಸೋಫಾದ ಮೇಲೆ ಕೂತು ಖುಷಿಯಿಂದ ನೋಡಿದ, ಸೋತರು. ಮರುವರ್ಷ ಟ್ರಕ್ಕು, ಗೆದ್ದರು. ಮತ್ತೆ ಸೋಫಾ, ಸೋತರು. ಅವನಿಗೆ ಇಷ್ಟು ಸಾಕಾಯಿತು. ಊರಿಗೂ ಸಾಕಾಯಿತು. ಟ್ರಕ್ಕಿನಲ್ಲಿದ್ದರೂ ಸೋತ ವರ್ಷಗಳು ಬೇಕಾದಷ್ಟಿವೆ. ಕೇಳಿದರೆ, ಅಂಥ ದಿನ ದಾರಿಯಲ್ಲಿ ಹೋಗುತ್ತಿದ್ದ ಯಾರದೋ ಹಾರನ್ ಕೇಳಿ ಇವನು ಮನಸ್ಸಿನಲ್ಲೇ ಸ್ಕೋರ್ ಊಹಿಸಿದ್ದ, ಅದಕ್ಕೇ ಹಾಗಾಯಿತು ಎನ್ನುತ್ತಾನೆ.

ಇವನ ಪಾಲಿನದನ್ನೂ ಸೇರಿಸಿ ನೋಡುತ್ತಿದ್ದವಳು ಹೆಂಡತಿ ಅರ್ಲೀನ್. ಪಕ್ಕದ ಮನೆಯ ಡೆಲ್ಬರ್ಟ್‌ಗೆ ತಡೆದುಕೊಳ್ಳಲಾಗದೆ ಫೋನಿಗೆ ಸ್ಕೋರ್ ಕಳಿಸುವ ಚಾಳಿ ಇದ್ದುದರಿಂದ ಲಾಯ್ಡ್ ಫೋನನ್ನು ಅಡುಗೆಮನೆಯ ಡ್ರಾಯರಿನಲ್ಲಿಟ್ಟು ಹೋಗುತ್ತಿದ್ದ. ಮತ್ತೆ ಫಲಿತಾಂಶ ತಿಳಿಯುವುದು ಹೇಗೆ? ಬಾವುಟದಿಂದ. ತಂಡ ಗೆದ್ದರೆ ಅರ್ಲೀನ್ ಜಗಲಿಯ ಕಂಬಕ್ಕೆ ವಾಲ್ಡ್ರನ್ನಿನ ಕೆಂಗಂದು ಬಾವುಟ ಕಟ್ಟುತ್ತಿದ್ದಳು. ಅದರ ಮೇಲೆ ಒಂಟಿ ಕಾಲಿನ ಕೊಕ್ಕರೆ. (ತಂಡದ ಹೆಸರೇ ಕೊಕ್ಕರೆಗಳು. ಹುಲಿ, ಕರಡಿ, ತೋಳ ಎಲ್ಲ ಬೇರೆ ಕಾಲೇಜುಗಳ ಪಾಲಾಗಿದ್ದಿರಬೇಕು.) ಸೋತರೆ ಕಂಬ ಬೋಳು.

ಬಾವುಟ ಕಂಡ ದಿನ ಲಾಯ್ಡ್ ತಿರುವಿನಿಂದಲೇ ಹಾರನ್ ಬಾರಿಸುತ್ತ ಒಳಗೆ ಬರುತ್ತಿದ್ದ. ಅರ್ಲೀನ್ ಇಡೀ ಆಟವನ್ನು ಮೊದಲಿನಿಂದ ಆಡಿ ತೋರಿಸುತ್ತಿದ್ದಳು. ಸುರುಳಿ ಸುತ್ತಿದ ಕಾಲುಚೀಲ ಚೆಂಡು, ಒಗೆಯುವ ಬಟ್ಟೆಯ ಬುಟ್ಟಿ ಬ್ಯಾಸ್ಕೆಟ್. ಅವಳ ಗುರಿ ಅಷ್ಟಕ್ಕಷ್ಟೆ, ಕಾಲುಚೀಲ ಫ್ರಿಜ್ಜಿನ ಹಿಂದೆ ಬೀಳುತ್ತಿತ್ತು. ಅವನು ಬಿದ್ದು ಬಿದ್ದು ನಗುತ್ತಿದ್ದ. ಅವನು ಕಂಡ ಗೆಲುವುಗಳೆಲ್ಲ ಅವಳು ಆಡಿ ತೋರಿಸಿದವೇ.

ಬಾವುಟ ಕಾಣದ ದಿನ ಮನೆಯ ಮುಂದೆ ಗಾಡಿ ನಿಧಾನ ಕೂಡ ಮಾಡುತ್ತಿರಲಿಲ್ಲ. ಸೀದಾ ನದಿಯ ಒಡ್ಡಿನ ಹತ್ತಿರ ಹೋಗಿ, ಕೋಚ್‌ಗೆ ಬಾಯಿಗೆ ಬಂದಂತೆ ಬೈದು, ಸಿಟ್ಟು ಇಳಿದ ಮೇಲೆ ಮನೆಗೆ ಬರುತ್ತಿದ್ದ.

ಇದಿಷ್ಟು ನೆನಪಿರಲಿ. ಕಥೆ ಇದರ ಮೇಲೆಯೇ ನಿಂತಿದೆ, ಬೀಳುವುದೂ ಇದರ ಮೇಲೆಯೇ.

೩

(ಮೂರನೆಯ ಭಾಗದಲ್ಲಿ ಈ ವರ್ಷದ ತಂಡವನ್ನು ವರ್ಣಿಸಿ ಎರಡು ಪುಟ ಬರೆದಿದ್ದೆ. ಲಾಯ್ಡ್ ಓದಿ, "ಆ ಎಡಗೈ ಹುಡುಗನ್ನ ಹೊಗಳ್ಬೇಡ, ದೃಷ್ಟಿ ಆಗುತ್ತೆ" ಅಂದ. ಹರಿದು ಹಾಕಿದೆ.)

೪

ಈ ಸಲ ವಾಲ್ಡ್ರನ್ ತನ್ನ ಗುಂಪಿನ ಪಂದ್ಯಗಳನ್ನೆಲ್ಲ ಗೆದ್ದು ರಾಷ್ಟ್ರೀಯ ಟೂರ್ನಿಗೆ ಹೋಯಿತು. ಊರಿಗೆ ಊರೇ ಹುಚ್ಚೆದ್ದು ಕುಣಿಯಿತು. ಮೊದಲ ಸುತ್ತಿನಲ್ಲಿ ಎದುರಾಳಿ ಒಂದು ದೈತ್ಯ ವಿಶ್ವವಿದ್ಯಾಲಯ. ಅವರ ಕಾರ್ ಪಾರ್ಕಿಂಗಿನಲ್ಲಿ ನಮ್ಮ ಊರು ಹಿಡಿಸುತ್ತದೆ. ಗುರುವಾರ ಮಧ್ಯಾಹ್ನದ ಆಟ. ಬೆಳಿಗ್ಗೆ ಕಟಿಂಗ್ ಶಾಪಿನಲ್ಲಿ ಎಲ್ಲರೂ ಲಾಯ್ಡ್‌ನನ್ನು ಕೇಳಿದ್ದು ಒಂದೇ, ಟ್ರಕ್ಕಿಗೆ ಹೋಗ್ತೀಯಾ ತಾನೆ ಎಂದು. ಡೆಲ್ಬರ್ಟ್ ಅಂತೂ ಅವನ ಟ್ರಕ್ಕಿಗೆ ತಾನೇ ಪೆಟ್ರೋಲ್ ತುಂಬಿಸಿಕೊಟ್ಟ.

ಹೊರಡುವಾಗ ಅರ್ಲೀನ್ ತಲೆ ಯಾಕೋ ಭಾರ ಅಂದಳು. ಲಾಯ್ಡ್ ಬಾಗಿಲಲ್ಲೇ ನಿಂತ.

"ಇರ್ಲಾ?"

"ಇದ್ದು ಅವ್ರನ್ನ ಸೋಲಿಸ್ತೀಯಾ? ನಡಿ ನಡಿ. ನಿನ್ನ ಪಾಲಿಂದೂ ನಾನೇ ನೋಡ್ತೀನಿ."

ಅವನು ಹೋದ. ತಗಡಿನ ಗೋಡೆ ನೋಡುತ್ತ ಕೂತ. ಮುಗಿದಿರಬಹುದು ಅನ್ನಿಸಿದಾಗ ಹೊರಟ. ತಿರುವು ಬಂತು, ಮನೆ ಕಂಡಿತು. ಕಂಬ ಬೋಳು.

"ಹೋಯ್ತು," ಅಂದುಕೊಂಡ. ಗಾಡಿ ನಿಲ್ಲಿಸಲಿಲ್ಲ, ಒಡ್ಡಿಗೆ ಹೋದ. ಆ ಮಧ್ಯಾಹ್ನ ಕೋಚ್‌ಗೆ, ಕೋಚ್‌ನ ಅಪ್ಪನಿಗೆ, ಕೊನೆಗೆ ಆ ಎಡಗೈ ಹುಡುಗನಿಗೂ ಬೈದ. ನೀರಿನಲ್ಲಿ ಒಂದು ಮರದ ಕೊಂಬೆ ಒಡ್ಡಿಗೆ ಸಿಕ್ಕಿಕೊಂಡು ಅಲ್ಲಲ್ಲೇ ತಿರುಗುತ್ತಿತ್ತು. ಅದು ಬಿಡಿಸಿಕೊಂಡು ಹೋದ ಮೇಲೆ ಮನೆಗೆ ಹೋಗೋಣ ಅಂದುಕೊಂಡ. ಅದು ಬಹಳ ಹೊತ್ತು ಹೋಗಲಿಲ್ಲ.

ವಾಲ್ಡ್ರನ್ ಗೆದ್ದಿತ್ತು. ಅರ್ಲೀನ್ ಬಾವುಟ ತೆಗೆದುಕೊಂಡು ಬಾಗಿಲ ಕಡೆ ಹೊರಟಿದ್ದಳು. ಸೋಫಾಕ್ಕೂ ಬಾಗಿಲಿಗೂ ನಡುವೆ ಬಿದ್ದಿದ್ದಳು. ಲಕ್ವ ಹೊಡೆದಿತ್ತು. ಲಾಯ್ಡ್ ಮನೆಯ ಮುಂದೆ ಹಾದುಹೋದಾಗ ಅವಳು ಕಣ್ಣು ಬಿಟ್ಟುಕೊಂಡು ನೆಲದ ಮೇಲಿದ್ದಳು. ಹಳೇ ಟ್ರಕ್ಕಿನ ಸದ್ದು ಅವಳಿಗೆ ಕೇಳಿಸಿರಲೇಬೇಕು.

[ಕೊನೆಯ ವಾಕ್ಯ ತೆಗಿ ಎಂದು ಲಾಯ್ಡ್ ಹೇಳುತ್ತಿದ್ದಾನೆ. ತೆಗೆಯುತ್ತೇನೆ ಅಂದಿದ್ದೇನೆ. ನೀವು ಓದಿಯಾಗಿದೆಯಲ್ಲ, ಇನ್ನು ತೆಗೆದು ಏನು ಪ್ರಯೋಜನ?]

೫ (ಹೊಡೆದುಹಾಕಿದ ಕರಡು)

ಲಾಯ್ಡ್ ಬಾಗಿಲು ತೆರೆದ. ಟೀವಿ ಇನ್ನೂ ಅರಚುತ್ತಿತ್ತು. ಮೊದಲು ಕಣ್ಣಿಗೆ ಬಿದ್ದದ್ದು ಟೀವಿ. ಅದರಲ್ಲಿ ಮುಗಿದ ಆಟವನ್ನೇ ಮತ್ತೆ ತೋರಿಸುತ್ತಿದ್ದರು, ಎಡಗೈ ಹುಡುಗನನ್ನು ಗೆಳೆಯರು ಹೆಗಲ ಮೇಲೆ ಹೊತ್ತಿದ್ದರು, ಕೆಳಗೆ ವಾಲ್ಡ್ರನ್ ಗೆಲುವು ಎಂದು ಅಕ್ಷರ ಓಡುತ್ತಿತ್ತು. ಲಾಯ್ಡ್‌ನ ಎದೆ ಹಿಗ್ಗಿತು. ಒಂದು ಕ್ಷಣ. ಆಮೇಲೆ ನೆಲದ ಮೇಲೆ ಅರ್ಲೀನ್ ಕಂಡಳು.

"ಈ ಭಾಗ ಬೇಡ," ಅಂದ ಲಾಯ್ಡ್.

"ನಡೆದಿದ್ದು ಹಾಗೇ ಅಲ್ವಾ?"

"ನಡೆದಿದ್ದೆಲ್ಲ ಬರೀಲೇಬೇಕು ಅಂತಿದ್ರೆ ನೀನ್ಯಾಕೆ ಬೇಕು? ಮೊದ್ಲು ಅವಳನ್ನ ನೋಡ್ದೆ ಅಂತ ಬರಿ. ಅಷ್ಟು ಮಾಡೋಕೂ ಆಗಲ್ವಾ ನಿನ್ ಕೈಲಿ?"

ಬರೆದೆ. ಹೀಗೆ: ಲಾಯ್ಡ್ ಬಾಗಿಲು ತೆರೆದ, ಅರ್ಲೀನ್ ಕಂಡಳು, ಟೀವಿಯ ಕಡೆ ಅವನು ತಿರುಗಲೇ ಇಲ್ಲ. ಚೆಂದದ ವಾಕ್ಯ. ಲಾಯ್ಡ್ ಅದನ್ನು ಓದಿದ, ಕನ್ನಡಕ ತೆಗೆದ, ಒರೆಸಿಕೊಂಡು ಮತ್ತೆ ಓದಿದ. "ಸುಳ್ಳು ಅಂತ ಗೊತ್ತಾಗುತ್ತೆ," ಅಂದ. ಎರಡನ್ನೂ ಹೊಡೆದುಹಾಕಿದೆ.

೬

ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳಿದ್ದು: ರಕ್ತದ ಗಡ್ಡೆ ಕರಗಿಸುವ ಔಷಧಿ ಇದೆ, ಆದರೆ ಅದನ್ನು ಬೇಗ ಕೊಡಬೇಕು, ಇವರನ್ನು ಕರೆತಂದಾಗ ಆ ಹೊತ್ತು ಮೀರಿತ್ತು. ಸ್ವಲ್ಪ ಮುಂಚೆ ಬಂದಿದ್ದರೆ ಎಂದು ಅರ್ಧಕ್ಕೆ ನಿಲ್ಲಿಸಿ ಅವರು ಕಾಗದ ತಿರುವಿದರು. ಮಗಳು (ಅವಳ ಹೆಸರು ಜೋಡಿ) ಅಪ್ಪನ ಕಡೆ ತಿರುಗಿ, ನೀನು ಮನೆಗೆ ಬಂದದ್ದು ಯಾವಾಗ ಎಂದು ಕೇಳಿದಳು. ಆಟ ಮುಗಿದ ಕೂಡಲೇ ಅಂದ ಲಾಯ್ಡ್. ಅವಳು ನಂಬಿದಳು. ಅಪ್ಪನನ್ನು ಅಪ್ಪಿಕೊಂಡು, ನಿಂದೇನೂ ತಪ್ಪಿಲ್ಲಪ್ಪಾ ಎಂದು ಬೆನ್ನು ಸವರಿದಳು. ಅದಕ್ಕಿಂತ ಅವಳು ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

ಅವತ್ತು ಸಂಜೆಯೇ ಲಾಯ್ಡ್ ನನ್ನ ಹತ್ತಿರ ಬಂದ. (ಪಾತ್ರಗಳು ಹೀಗೆ ಹೇಳದೆ ಕೇಳದೆ ಬರುತ್ತವೆ. ಕಾಫಿ ಕೊಟ್ಟರೆ ಕುಡಿಯುವುದಿಲ್ಲ.)

"ಸೋಲಿಸಿಬಿಡು," ಅಂದ.

"ಯಾರನ್ನ?"

"ವಾಲ್ಡ್ರನ್‌ನ. ಗುರುವಾರದ ಆಟ ಸೋತ್ರು ಅಂತ ಬರಿ."

ಈ ಮನುಷ್ಯ ತನ್ನ ಮದುವೆಯನ್ನು ಒಂದು ಪಂದ್ಯಕ್ಕಾಗಿ ಮುಂದಕ್ಕೆ ಹಾಕಿದ್ದವನು.

"ಸೋತಿದ್ರೂ ಅವಳು ನೆಲದ ಮೇಲೇ ಇರ್ತಿದ್ಳಲ್ಲ, ಲಾಯ್ಡ್."

"ಇರ್ಲಿ. ಆದ್ರೆ ಕಂಬ ಬೋಳಾಗಿದ್ದಿದ್ದು ಸರೀನೇ ಆಗುತ್ತೆ. ನಾನು ತಪ್ಪು ತಿಳ್ಕೊಂಡೆ ಅಂತಾಗಲ್ಲ. ಆ ಬೋಳು ಕಂಬದಿಂದ್ಲೇ ಅವಳು ಕರೆದು, ನಾನು ಹಂಗೇ ಹೋದೆ ಅಂತಾಗಲ್ಲ."

ಸರಿ, ಅದನ್ನೂ ಬರೆಯೋಣ ಎಂದು ಕೂತೆ. ಕೊನೆಯ ಗಳಿಗೆಯಲ್ಲಿ ಎಡಗೈ ಹುಡುಗನ ಚೆಂಡು ಬ್ಯಾಸ್ಕೆಟ್ಟಿನ ಬಳೆಗೆ ತಾಗಿ ಆಚೆ ಬೀಳುವಂತೆ ಮಾಡಿದೆ. ಊರಿಗೆ ಊರೇ ತಲೆ ಮೇಲೆ ಕೈ ಹೊತ್ತು ಕೂತಿತು. ಲಾಯ್ಡ್ ಬೋಳು ಕಂಬ ನೋಡಿ, ಸರಿಯಾಗಿಯೇ ತಿಳಿದುಕೊಂಡು, ಒಡ್ಡಿಗೆ ಹೋದ. ಅಲ್ಲಿಗೆ ಬಂದು ನನ್ನ ಪೆನ್ನು ನಿಂತಿತು. ಇಷ್ಟು ವರ್ಷ ಕೇಳದಿದ್ದ ಒಂದು ಪ್ರಶ್ನೆ ಬಾಯಿಗೆ ಬಂತು.

"ಸೋತ ದಿನ ನೀನು ಮನೆಗೇ ಯಾಕೆ ಹೋಗ್ತಿರ್ಲಿಲ್ಲ? ಅವಳೂ ಸೋತಿರ್ತಿದ್ಳಲ್ಲ."

ಲಾಯ್ಡ್ ತನ್ನ ಟೋಪಿಯ ಅಂಚು ಹಿಸುಕಿದ.

"ಅವಳು ಅತ್ತಿರ್ತಿದ್ಳು," ಅಂದ. "ಮುಖ ತೊಳ್ಕೊಂಡಿರ್ತಿದ್ಳು, ಆದ್ರೂ ಗೊತ್ತಾಗ್ತಿತ್ತು. ನಂಗೆ ನೋಡೋಕಾಗ್ತಿರ್ಲಿಲ್ಲ."

ಆ ಕರಡನ್ನೂ ಹರಿದೆ. ಅವನು ತಡೆಯಲಿಲ್ಲ.

೭

ಇನ್ನು ಅಂತ್ಯ. ಶನಿವಾರ ಮಧ್ಯಾಹ್ನ ಎರಡನೆಯ ಸುತ್ತು. ಆಸ್ಪತ್ರೆಯ ಕೋಣೆಯಲ್ಲಿ ಗೋಡೆಗೆ ಸಣ್ಣ ಟೀವಿ. ಅರ್ಲೀನ್‌ಳ ಬಲಭಾಗ ಸತ್ತಿದೆ, ಮಾತು ಹೋಗಿದೆ. ಎಡಗೈ ಆಡುತ್ತದೆ, ಕಣ್ಣು ಎಲ್ಲವನ್ನೂ ನೋಡುತ್ತದೆ. ಜೋಡಿ ಮನೆಯಿಂದ ಬಾವುಟ ತಂದು ಅಮ್ಮನ ಕಾಲಿನ ಮೇಲೆ ಹೊದಿಸಿ, ಏನಾದರೂ ತಿನ್ನಲು ತರುತ್ತೇನೆಂದು ಕೆಳಗೆ ಹೋದಳು.

ಲಾಯ್ಡ್‌ನ ಫೋನ್ ಈಗ ಜೇಬಿನಲ್ಲೇ ಇರುತ್ತದೆ. ಡೆಲ್ಬರ್ಟ್ ಅರ್ಲೀನ್ ಹೇಗಿದ್ದಾಳೆ ಎಂದು ವಿಚಾರಿಸಿದ್ದ, ಪ್ರಾರ್ಥನೆ ಮಾಡುತ್ತಿದ್ದೇವೆ ಎಂದು ಬರೆದಿದ್ದ, ಅದರ ಕೆಳಗೆ, ಆಸ್ಪತ್ರೆಯಲ್ಲೂ ಪಾರ್ಕಿಂಗ್ ಇರುತ್ತಲ್ವಾ ಎಂದು ಕೇಳಿದ್ದ.

ಲಾಯ್ಡ್ ಪಾರ್ಕಿಂಗಿಗೆ ಹೋಗಲಿಲ್ಲ. ಹೆಂಡತಿಯ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು, ಟೀವಿಯನ್ನೇ ದಿಟ್ಟಿಸುತ್ತ ಕೂತ. ಬೇಕೆಂದೇ ಕೂತ. ನಾನು ನೋಡಿದರೆ ಸೋಲುತ್ತಾರೆ, ಸೋಲಲಿ, ಇದೊಂದು ಕೊಡುತ್ತೇನೆ, ಬದಲಿಗೆ ಇವಳ ಮಾತು ವಾಪಸ್ ಬರಲಿ, ಅಂದುಕೊಂಡ. ಯಾರ ಹತ್ತಿರ ಈ ವ್ಯಾಪಾರ ಎಂದು ನನ್ನನ್ನು ಕೇಳಬೇಡಿ. ಅವನಿಗೂ ಗೊತ್ತಿರಲಿಲ್ಲ.

ಆದರೆ ವಾಲ್ಡ್ರನ್ ಸೋಲುತ್ತಿಲ್ಲ. ಅರ್ಧ ಆಟ ಕಳೆಯಿತು, ಮುಂದಿದ್ದಾರೆ. ಲಾಯ್ಡ್ ಕಣ್ಣು ಮಿಟುಕಿಸದೆ ನೋಡುತ್ತಿದ್ದಾನೆ, ಎಡಗೈ ಹುಡುಗ ಹಾಕಿದ್ದೆಲ್ಲ ಬೀಳುತ್ತಿದೆ. ಲಾಯ್ಡ್‌ನ ಮುಖ ಬಿಳಿಚಿಕೊಳ್ಳುತ್ತಿದೆ. ಯಾಕೆ ಅಂತ ಗೊತ್ತಾಯಿತೆ? ಇವನು ನೋಡುತ್ತಿರುವಾಗಲೇ ಅವರು ಗೆದ್ದರೆ, ಟ್ರಕ್ಕಿಗೆ ಯಾವ ಅರ್ಥವೂ ಇರಲಿಲ್ಲ ಎಂದಾಯಿತು. ಇಷ್ಟು ವರ್ಷ ತಗಡಿನ ಗೋಡೆ ನೋಡುತ್ತ ಕೂತದ್ದು ದಂಡ. ಅಷ್ಟೂ ಮಧ್ಯಾಹ್ನ ಸೋಫಾದ ಮೇಲೆ ಅವಳ ಪಕ್ಕ ಕೂರಬಹುದಿತ್ತು. ಗುರುವಾರವೂ.

ಮೊದಲ ಅಂತ್ಯ: ವಾಲ್ಡ್ರನ್ ಗೆಲ್ಲುತ್ತದೆ. ಲಾಯ್ಡ್‌ಗೆ ಮೇಲಿನದೆಲ್ಲ ಖಚಿತವಾಗುತ್ತದೆ.

ಎರಡನೆಯದು: ಕೊನೆಗೂ ಸೋಲುತ್ತದೆ. ನಂಬಿಕೆ ಉಳಿಯುತ್ತದೆ. ಅರ್ಲೀನ್ ಅಳುತ್ತಾಳೆ, ಈಗ ಎದ್ದು ಹೋಗಿ ಮುಖ ತೊಳೆಯಲು ಅವಳಿಂದ ಆಗುವುದಿಲ್ಲ.

ಮೂರನೆಯದು, ಅವಳ ಮಾತು ವಾಪಸ್ ಬರುವ ಅಂತ್ಯ. ಅದನ್ನು ಬರೆಯಲು ನಾಚಿಕೆಯಾಗಿ ಬಿಟ್ಟೆ.

ಆಟ ಮುಗಿಯಲು ಇನ್ನು ಸ್ವಲ್ಪವೇ ಇದೆ. ಅಂಕ ಸಮ. ಎದುರಾಳಿಯ ಕೋಚ್ ಟೈಮ್‌ಔಟ್ ಕೇಳಿದ. ಟೀವಿಯಲ್ಲಿ ಜಾಹೀರಾತು ಬಂತು, ಹೊಸ ಟ್ರಕ್ಕೊಂದು ಕೆಸರು ಹಾರಿಸುತ್ತ ಗುಡ್ಡ ಹತ್ತುತ್ತಿದೆ. ಲಾಯ್ಡ್‌ನ ಕೈ ತಾನಾಗಿ ಜೇಬಿಗೆ ಹೋಗಿ ಕೀಲಿಕೈ ಹಿಡಿದುಕೊಂಡಿತು. ಈಗ ಹೊರಗೆ ಓಡಿದರೆ ಕೊನೆಯ ನಿಮಿಷ ಅವನು ನೋಡಿದಂತಾಗುವುದಿಲ್ಲ. ಗೆದ್ದರೂ ಟ್ರಕ್ಕಿನ ಅರ್ಥ ಉಳಿಯುತ್ತದೆ, ಸೋತರೂ ಅವಳ ಮುಖ ನೋಡಬೇಕಾಗಿಲ್ಲ. ಅವನು ಕುರ್ಚಿಯಿಂದ ಏಳುತ್ತಾನೆ.

ಅರ್ಲೀನ್ ಎಡಗೈ ಚಾಚಿ ಅವನ ಅಂಗಿಯ ತೋಳಿನ ಅಂಚು ಹಿಡಿದುಕೊಳ್ಳುತ್ತಾಳೆ.

"ಬಿಡ್ಸು," ಅನ್ನುತ್ತಾನೆ ಲಾಯ್ಡ್, ಅವಳಿಗಲ್ಲ, ನನಗೆ. "ಬರಿ. ಬಿಟ್ಳು ಅಂತ ಬರಿ."

ಪ್ರಯತ್ನಪಟ್ಟೆ. ಕೈ ಸೋತು ಬಿಟ್ಟಳು ಎಂದು ಬರೆದೆ, ಬಿಡಲಿಲ್ಲ. ನರ್ಸ್ ಬಂದಳು ಎಂದು ಬರೆದೆ, ನರ್ಸ್ ನೋಡಿ ಹಾಗೇ ವಾಪಸ್ ಹೋದಳು. ಮೇಲಿಂದ ಮೇಲೆ ಅದೇ ವಾಕ್ಯಕ್ಕೆ ಬಂದು ನಿಲ್ಲುತ್ತಿದ್ದೇನೆ. ಜಾಹೀರಾತು ಮುಗಿಯುತ್ತ ಬಂದಿದೆ. ಹುಡುಗರು ಅಂಕಣಕ್ಕೆ ಇಳಿಯುತ್ತಿದ್ದಾರೆ. ನೀವು ಬೇಕಿದ್ದರೆ ಆಟ ನೋಡಿಕೊಳ್ಳಿ, ನಾನು ತಡೆಯುವುದಿಲ್ಲ. ನನಗೆ ಆ ಬೆರಳುಗಳನ್ನು ಬಿಡಿಸಲು ಬರುತ್ತಿಲ್ಲ, ಅವನೂ ಪೂರ್ತಿ ಎದ್ದಿಲ್ಲ, ಪೂರ್ತಿ ಕೂತೂ ಇಲ್ಲ, ಅವಳು ಟೀವಿಯನ್ನು ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದಾಳೆ.