ಬಂಡಲ್‌ಗೆ ಎರಡು ಅಂಗಿ

ಆ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಎಲ್ಲರೂ ಅವಳನ್ನು ಸೂಜಿಗಣ್ಣಿ ಎಂದೇ ಕರೆಯುತ್ತಿದ್ದರು. ಹೊಲಿದ ಅಂಗಿಗಳನ್ನು ನೋಡಿ ಸೀಲು ಹೊಡೆಯುವ ಚೆಕ್ಕರ್ ಕೆಲಸ ಅವಳದು. ಕಾಲರಿನಲ್ಲಿ ಒಂದೇ ಒಂದು ಹೊಲಿಗೆ ತಪ್ಪಿದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಹಾಗೆಂದು ಅವಳು ಎಲ್ಲ ಅಂಗಿಗಳನ್ನೂ ನೋಡುತ್ತಿದ್ದಳು ಅಂದುಕೊಳ್ಳಬೇಡಿ. ಇಪ್ಪತ್ತು ಅಂಗಿಗಳ ಬಂಡಲ್‌ನಿಂದ ಎರಡನ್ನು ಎಳೆದು ನೋಡುವುದು, ಎರಡೂ ಸರಿಯಿದ್ದರೆ ಇಡೀ ಬಂಡಲ್‌ಗೆ ಸೀಲು. ಅಂಗಿಯ ಮಟ್ಟಿಗೆ ಅದು ನಡೆಯುತ್ತದೆ. ಹೆಚ್ಚೆಂದರೆ ಯಾರದೋ ಗುಂಡಿ ಕಿತ್ತು ಬೀಳುತ್ತದೆ.

ಹೋದ ವರ್ಷ ಕ್ಯಾನ್ಸರ್ ತಪಾಸಣೆಯ ವ್ಯಾನು ಫ್ಯಾಕ್ಟರಿಯ ಅಂಗಳಕ್ಕೆ ಬಂದಿತ್ತು. ಹೆಂಗಸರಿಗೆಲ್ಲ ಸ್ತನದ ಪರೀಕ್ಷೆ, ಒಬ್ಬೊಬ್ಬರಿಗೆ ಹತ್ತು ನಿಮಿಷ. ಅಷ್ಟು ಹೊತ್ತು ಮೆಷಿನ್ನುಗಳು ಸುಮ್ಮನೆ ನಿಲ್ಲುತ್ತವಲ್ಲ ಎಂದು ಮ್ಯಾನೇಜರನಿಗೆ ಹೊಟ್ಟೆ ಉರಿಯಿತು.

"ಒಂದೊಂದು ಹೊಲಿಗೆ ಲೈನಿನಿಂದ ಇಬ್ಬರನ್ನ ಕಳಿಸಿ ಸಾಕು. ಇಬ್ಬರೂ ಸರಿ ಇದ್ರೆ ಲೈನೇ ಸರಿ. ಬಂಡಲ್‌ಗೆ ಮಾಡಲ್ವಾ, ಹಾಗೆ."

ಮೈಯ ತೊಂದರೆಗಳನ್ನು ಬರೆದು ಎಲ್ಲರೂ ಮೊದಲೇ ತುಂಬಿಕೊಟ್ಟಿದ್ದ ತಪಾಸಣೆಯ ಕಾರ್ಡುಗಳ ರಾಶಿಯನ್ನೂ 'ತಪಾಸಣೆ ಆಗಿದೆ, ದೋಷವಿಲ್ಲ' ಎಂಬ ಸೀಲನ್ನೂ ಆತ ಕೊಟ್ಟದ್ದು ಸೂಜಿಗಣ್ಣಿಯ ಕೈಗೆ. ಅವಳು ಕೂತು ದಡದಡ ಗುದ್ದಿದಳು. ಕೈಗೆ ರೂಢಿಯಾದ ಕೆಲಸ, ಮನಸ್ಸು ಬೇರೆಲ್ಲೋ. ಮ್ಯಾನೇಜರ್ ನೂರಕ್ಕೆ ನೂರು ತಪಾಸಣೆಯಾದ ಪ್ರಶಸ್ತಿಪತ್ರ ಹಿಡಿದು ಹಲ್ಲು ಕಿರಿದ ಫೋಟೋ ಗೋಡೆಗೆ ಏರಿತು.

ಎಂಟು ತಿಂಗಳ ನಂತರ ಅವಳು ಅತ್ತಿಗೆಯ ಜೊತೆ ಆಸ್ಪತ್ರೆಯಲ್ಲಿ ಕೂತಿದ್ದಳು. ಅತ್ತಿಗೆ ಅದೇ ಫ್ಯಾಕ್ಟರಿಯಲ್ಲಿ ತೋಳು ಹೊಲಿಯುವವರು. ಮೊದಲು ಎಲ್ಲಾದರೂ ತೋರಿಸಿದ್ದಿರಾ ಎಂದು ಡಾಕ್ಟರಮ್ಮ ಕೇಳಿದಾಗ ಅವರು ಚೀಲದಿಂದ ಆ ಕಾರ್ಡು ತೆಗೆದುಕೊಟ್ಟರು.

"'ಎಡಗಡೆ ಕಡಲೆಕಾಳಿನಷ್ಟು ಗಂಟು ಇದೆ' ಅಂತ ನೀವೇ ಬರೆದಿದ್ದೀರಲ್ಲಮ್ಮ. ಅದರ ಮೇಲೇ ದೋಷವಿಲ್ಲ ಅಂತ ಸೀಲು. ಯಾರು ಹೊಡೆದಿದ್ದು ಇದನ್ನ?"

"ಯಾರೋ ಫ್ಯಾಕ್ಟರಿಯವರು," ಎಂದರು ಅತ್ತಿಗೆ, ನಾದಿನಿಯ ಮುಖ ನೋಡದೆ.

"ಆವಾಗಲೇ ಬಂದಿದ್ರೆ ಸಣ್ಣ ಆಪರೇಷನ್‌ನಲ್ಲಿ ಮುಗೀತಿತ್ತೇನೋ. ಈಗ ನಿಂಬೆಹಣ್ಣಿನಷ್ಟಾಗಿದೆ. ಪ್ರಯತ್ನ ಮಾಡೋಣ, ಮಾತು ಕೊಡೋಕಾಗಲ್ಲ."

ಹೊರಗಿನ ಬೆಂಚಿನಲ್ಲಿ ಸೂಜಿಗಣ್ಣಿ ಕೇಳಿದಳು, "ಅತ್ತಿಗೆ, ನನಗೊಂದು ಮಾತು ಹೇಳಬಾರದಿತ್ತಾ?"

"ಬರೆದಿದ್ನಲ್ಲೇ. ಸೀಲು ನಿಂದು. ನಿನ್ನ ಕಣ್ಣಿಗೆ ಬಿದ್ದ ಮೇಲೂ ಸರಿ ಅಂತಿದ್ರೆ ಸರೀನೇ ಇರುತ್ತೆ ಅಂದ್ಕೊಂಡೆ."

ಅತ್ತಿಗೆ ಬೈದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ನೆಲ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ಮರುದಿನ ಫ್ಯಾಕ್ಟರಿಯ ಗೇಟು ದಾಟುವ ಹೊತ್ತಿಗೆ ಆ ನಾಚಿಕೆಯೆಲ್ಲ ಸಿಟ್ಟಾಗಿತ್ತು. ಸಿಟ್ಟು ಬರದಿದ್ದರೆ ಅವಳೇನು ಕಲ್ಲೇ?

"ಕೇಳ್ದೆ, ಪಾಪ," ಎಂದ ಮ್ಯಾನೇಜರ್. "ಹಣೆಬರಹ."

"ಹಣೆಬರಹ ಅಲ್ಲ ಸಾರ್. ಅವರು ಕೈಯಾರೆ ಬರೆದುಕೊಟ್ಟಿದ್ರು. ನೀವೂ ಓದಲಿಲ್ಲ, ನಾನೂ ಓದಲಿಲ್ಲ. ವ್ಯಾನು ಮತ್ತೆ ಕರೆಸಿ."

"ನೂರಕ್ಕೆ ನೂರು ಆಗಿದೆ ಅಂತ ಮೇಲಿನವರಿಗೆ ವರದಿ ಕಳಿಸಿಬಿಟ್ಟಿದ್ದೀವಿ. ಈಗ ಕರೆಸಿದ್ರೆ ಆಗ ಮಾಡಿಲ್ಲ ಅಂತ ಒಪ್ಪಿಕೊಂಡ ಹಾಗಾಗುತ್ತೆ."

"ಒಪ್ಕೊಳ್ಳಿ."

"ಲಾರಿ ಕಾಯ್ತಿದೆ. ಹೋಗಿ ಸೀಲು ಹೊಡಿ."

ಅವಳು ಹೋಗಿ ಕೂತಳು. ಆದರೆ ಆ ದಿನ ಬಂಡಲ್‌ನಿಂದ ಎರಡನ್ನು ಎಳೆಯಲಿಲ್ಲ. ಇಪ್ಪತ್ತನ್ನೂ ಒಂದೊಂದಾಗಿ ಬಿಚ್ಚಿ, ಕಾಲರು, ತೋಳು, ಅಂಚು, ಗುಂಡಿ ಎಲ್ಲವನ್ನೂ ಬೆರಳಲ್ಲಿ ಸವರಿ ನೋಡಿದಳು. ಪಕ್ಕದ ಚೆಕ್ಕರ್‌ಗಳಿಗೆ ವಿಷಯ ತಿಳಿದು ಅವರೂ ಹಾಗೇ ಮಾಡಿದರು. ಮಧ್ಯಾಹ್ನಕ್ಕೆ ಮೂರೇ ಬಂಡಲ್ ಮುಗಿದವು. ಲಾರಿಯವನು ಹಾರ್ನು ಹೊಡೆದೂ ಹೊಡೆದೂ ಸುಸ್ತಾದ. ಮ್ಯಾನೇಜರ್ ಕುದಿಯುತ್ತಿದ್ದ. ಏನೆಂದು ಬೈಯುತ್ತಾನೆ? ಎಲ್ಲವನ್ನೂ ನೋಡಿದ್ದೇ ತಪ್ಪು ಎನ್ನಲಾದೀತೇ? ಹಾಗೇ ಮೂರು ದಿನ ನಡೆಯಿತು. ನಾಲ್ಕನೆಯ ದಿನ ಆತನೇ ಫೋನು ಮಾಡಿ ವ್ಯಾನಿಗೆ ಹೇಳಿದ. ಅದು ಬರುವ ಹೊತ್ತಿಗೆ ತಿಂಗಳು ಕಳೆದಿತ್ತು.

ಈ ಸಲ ಸೂಜಿಗಣ್ಣಿ ವ್ಯಾನಿನ ಮೆಟ್ಟಿಲ ಬಳಿ ನಿಂತು ಒಬ್ಬೊಬ್ಬರ ಕಾರ್ಡನ್ನೂ ಓದಿ ಒಳಗೆ ಕಳಿಸಿದಳು. ಕೂದಲು ಉದುರಿದ ತಲೆಗೆ ಬಟ್ಟೆ ಸುತ್ತಿಕೊಂಡ ಅತ್ತಿಗೆ, ಬೇಡವೆಂದರೂ ಕೇಳದೆ ಬಂದು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದರು. ವ್ಯಾನಿನ ಡಾಕ್ಟರು ಇಬ್ಬರಿಗೆ ಇನ್ನೊಂದು ಪರೀಕ್ಷೆಗೆ ಬರಹೇಳಿದರು. ಸಂಜೆಯ ಹೊತ್ತಿಗೆ ಸಾಲು ಕರಗಿತು. ಸೂಜಿಗಣ್ಣಿ ಕಾರ್ಡುಗಳನ್ನು ಜೋಡಿಸಿ ದಾರ ಕಟ್ಟತೊಡಗಿದಳು.

"ನಿಂದೆಲ್ಲಿ?" ಎಂದರು ಅತ್ತಿಗೆ.

ಅವಳು ಪರ್ಸು ತೆರೆದು ತನ್ನ ಕಾರ್ಡು ತೆಗೆದಳು. ಹೋದ ವರ್ಷದಿಂದ ಅದು ಅಲ್ಲೇ ಇತ್ತು. ಅದಕ್ಕೂ ಅವಳೇ ಸೀಲು ಹೊಡೆದುಕೊಂಡಿದ್ದಳು.

ಅತ್ತಿಗೆ ಕೈ ಚಾಚಿ ಅದನ್ನು ಇಸಿದುಕೊಂಡು ನಾಲ್ಕು ಚೂರು ಮಾಡಿದರು.

"ಮೆಟ್ಟಿಲು ಹತ್ತು, ಒಳಗೆ ನಡಿ. ನೀನು ಬರೋವರೆಗೂ ನಾನಿಲ್ಲೇ ಕೂತಿರ್ತೀನಿ."